ಫೋಟೊ ಮಬ್ಬಾಯಿತು ಅಂತ ಕ್ಯಾಮೆರಾ ಬಿಚ್ಚಿಸುವ ಮುಂಚೆ ಇದನ್ನು ಓದಿ

ಉಡುಪಿ, ಮಂಗಳೂರು ಕಡೆ ಮನೆಯಲ್ಲಿ ಸಣ್ಣ ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡವರು ದಯವಿಟ್ಟು ಗಮನಿಸಿ. ಫೋಟೊ ಮಬ್ಬಾಗಿ ಬರುತ್ತಿದೆ ಅಂದ ಕೂಡಲೇ ರಿಪೇರಿಯವರು "ಸೆನ್ಸರ್ ಹೋಗಿದೆ" ಅಂದರೆ ನಂಬಬೇಡಿ (ಸೆನ್ಸರ್ ಅಂದರೆ ಲೆನ್ಸಿನ ಹಿಂದೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್). ಇದೇ ಮಾತು ಹೇಳಿ ಮಂಗಳೂರಿನ ಒಂದು ಅಂಗಡಿಯವರು ನಮ್ಮಿಂದ ಮೂರೂವರೆ ಸಾವಿರ ತೆಗೆದುಕೊಂಡರು, ಕ್ಯಾಮೆರಾ ಮಾತ್ರ ಮೊದಲಿಗಿಂತ ಹಾಳಾಗಿ ವಾಪಸ್ ಬಂತು.

ಮಳೆಗಾಲ ಕಳೆದ ಮೇಲೆ ತೆಗೆದ ಫೋಟೊಗಳಲ್ಲೆಲ್ಲ ಬಣ್ಣ ಪೇಲವ, ಕಪ್ಪು ಇರಬೇಕಾದ ಕಡೆ ಬೂದಿ. ರಾತ್ರಿ ರಥಬೀದಿಯಲ್ಲಿ ತೆಗೆದರೆ ಒಂದೊಂದು ದೀಪದ ಸುತ್ತಲೂ ಬಿಳಿ ಮಂಜು. ಸೆನ್ಸರ್ ಕೆಟ್ಟರೆ ಸಾಮಾನ್ಯವಾಗಿ ಗೆರೆ ಬೀಳುತ್ತದೆ, ಬಣ್ಣ ನೇರಳೆಗೆ ತಿರುಗುತ್ತದೆ, ಇಲ್ಲವೇ ಫೋಟೊ ಪೂರ್ತಿ ಕಪ್ಪಾಗುತ್ತದೆ. ದೀಪದ ಸುತ್ತ ಮಂಜು ಕಂಡರೆ ಮೊದಲು ನೋಡಬೇಕಾದದ್ದು ಲೆನ್ಸು. ಮೇಲೆ ಬೆರಳಿನ ಜಿಡ್ಡು ಇರಬಹುದು, ಒಳಗೆ ತೇವ ಇರಬಹುದು, ಇಲ್ಲ ಫಂಗಸ್. ಆಟಿ ತಿಂಗಳಲ್ಲಿ ನಮ್ಮೂರಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕದ ರಟ್ಟು ಯಾವುದನ್ನು ಬೂಷ್ಟು ಬಿಡುತ್ತದೆ ಹೇಳಿ? ಲೆನ್ಸಿನ ಗಾಜನ್ನೂ ಬಿಡುವುದಿಲ್ಲ.

ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೂ ಮಬ್ಬು ಹೋಗದಿದ್ದರೆ ಕ್ಯಾಮೆರಾ ಆನ್ ಮಾಡಿ, ಲೆನ್ಸ್ ಹೊರಗೆ ಬಂದ ಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಒಳಗೆ ನೋಡಿ. ನಮ್ಮದರಲ್ಲಿ ಅಂಚಿನಿಂದ ನಡುವಿಗೆ ಹೊರಟ, ಕವಲೊಡೆದ ಬೇರಿನ ಹಾಗಿನ ಬಿಳಿ ಎಳೆಗಳು ಬರಿಗಣ್ಣಿಗೇ ಕಂಡವು, ಅದೇ ಫಂಗಸ್. ಕ್ಯಾಮೆರಾ ಕೊಡುವಾಗಲೇ ಅಕ್ಕ ಅದನ್ನು ಅಂಗಡಿಯಲ್ಲಿ ತೋರಿಸಿದ್ದಳು. "ಅದು ಧೂಳು ಮೇಡಂ, ಹೋಗಿರುವುದು ಸೆನ್ಸರ್" ಅಂದರು.

ವಾಪಸ್ ಬಂದಾಗ ಎಳೆಗಳೂ ಹಾಗೇ ಇದ್ದವು, ಮಂಜೂ ಹಾಗೇ ಇತ್ತು. ಜೊತೆಗೆ ಹೊಸದೊಂದು ತೊಂದರೆ. ಉದಯವಾಣಿಯ ಹಾಳೆಯೊಂದನ್ನು ಗೋಡೆಗೆ ಅಂಟಿಸಿ ನೇರಕ್ಕೆ ನಿಂತು ಫೋಟೊ ತೆಗೆದೆ. ಎಡಗಡೆಯ ಕಾಲಂ ಸಲೀಸಾಗಿ ಓದಬಹುದಿತ್ತು, ಬಲಗಡೆಯದು ಬರೀ ಕಲೆ ಕಲೆ. ಇಂಥ ಕ್ಯಾಮೆರಾದ ಲೆನ್ಸ್ ಬಿಚ್ಚಿ ಜೋಡಿಸುವಾಗ ಒಳಗಿನ ಒಂದು ಗಾಜು ಕೂದಲೆಳೆಯಷ್ಟು ವಾಲಿದರೂ ಹೀಗಾಗುತ್ತದೆ. ಹಳೇ ಸೆನ್ಸರ್ ಕೊಡಿ ಅಂದರೆ ಬಿಸಾಡಿದೆವು ಅಂದರು. ಬಿಲ್ಲಿನಲ್ಲಿ 'ಸರ್ವಿಸ್' ಅಂತ ಒಂದೇ ಪದ. ಅಕ್ಕನಿಗೆ ಅತ್ತೆ ಕೊಟ್ಟ ಕ್ಯಾಮೆರಾ ಅದು, ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಯಕ್ಷಗಾನದ ಫೋಟೊದಲ್ಲಿ ಮಾತ್ರ ಕಾಳು ಕಾಳು ಬಂದು, ಬೆಳಿಗ್ಗೆ ಬಿಸಿಲಲ್ಲಿ ಐಎಸ್‌ಒ 100ರಲ್ಲಿ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್ ಇದು) ತೆಗೆದದ್ದು ಚೆನ್ನಾಗಿದ್ದರೆ ಕ್ಯಾಮೆರಾ ಸರಿಯಾಗೇ ಇದೆ. ಇವುಗಳ ಸೆನ್ಸರ್ ಹೆಚ್ಚಿನವುಗಳಲ್ಲಿ ಸುಮಾರು 6 ಮಿಲಿಮೀಟರ್ ಅಗಲ ಅಷ್ಟೆ, ಕಡಿಮೆ ಬೆಳಕಿನಲ್ಲಿ ಐಎಸ್‌ಒ 1600ಕ್ಕೆ ಏರಿಸಿದರೆ ಕಾಳು ಬಂದೇ ಬರುತ್ತದೆ. ಸುಮ್ನೆ ರಿಪೇರಿಗೆ ದುಡ್ಡು ಸುರಿಯಬೇಡಿ. ಡಿಜಿಟಲ್ ಜೂಮ್ ಕೂಡ ಆಫ್ ಮಾಡಿ, ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದಷ್ಟೆ.

ಮಳೆಗಾಲದಲ್ಲಿ ಚರ್ಮದ ಪೌಚಿನಲ್ಲಿ ಹಾಕಿ ಕಪಾಟಿನೊಳಗೆ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ ಸಾಕು. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಅಂತ, ಆಗ ಬದಲಾಯಿಸಿ. ಅಕ್ಕಿಯಲ್ಲಿ ಹುಗಿಯುವುದು ಬೇಡವೇ ಬೇಡ, ಅಕ್ಕಿಯ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ.

ರಿಪೇರಿಗೆ ಕೊಡಲೇಬೇಕಾದರೆ ಕೊಡುವ ದಿನವೇ ಪೇಪರ್ ಹಾಳೆಯ ಫೋಟೊ ತೆಗೆದು ಕಾಪಿ ಇಟ್ಟುಕೊಳ್ಳಿ. ಮೆಮೊರಿ ಕಾರ್ಡ್ ತೆಗೆದು ಕೊಡಿ. ಯಾವ ಭಾಗ ಬದಲಾಯಿಸುತ್ತಾರೆ, ಹಳೆಯದನ್ನು ವಾಪಸ್ ಕೊಡುತ್ತಾರಾ, ಎರಡನ್ನೂ ರಸೀದಿಯಲ್ಲೇ ಬರೆಸಿ. ಬರೆಯುವುದಿಲ್ಲ ಅಂದರೆ ಕ್ಯಾಮೆರಾ ತಗೊಂಡು ಎದ್ದು ಬನ್ನಿ. ಈಗಾಗಲೇ ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಬಿಲ್ ಕೈಯಲ್ಲಿರಲಿ.