ಆಕ್ಸ್‌ಫರ್ಡ್‌ನ ಬೈ-ಎಲೆಕ್ಷನ್ ನಡಿಗೆ: ಅಪ್ಪನಿಗೆ ಹಿಡಿಸಿತು, ಅವರ ಮಂಡಿಗಲ್ಲ

ಅಪ್ಪ ಹಾಸನದ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಎಲೆಕ್ಷನ್ ಡ್ಯೂಟಿ ಎಷ್ಟು ಮಾಡಿದ್ದಾರೋ ಲೆಕ್ಕವಿಲ್ಲ. ರೆಡಿಂಗ್‌ನ ನಮ್ಮನೆಗೆ ಬಂದಾಗ ಅರಮನೆ ನೋಡುವ ಆಸೆ ಅವರಿಗೇನೂ ಇರಲಿಲ್ಲ. ಅದಕ್ಕೇ 1938ರ ಆಕ್ಸ್‌ಫರ್ಡ್ ಉಪಚುನಾವಣೆಯ ಜಾಗಗಳನ್ನು ತೋರಿಸುವ ಈ ಎರಡು ಗಂಟೆಯ ನಡಿಗೆಗೆ ಟಿಕೆಟ್ ಮಾಡಿಸಿದೆ.

ಶುರುವಾಗುವುದು ಬ್ರಾಡ್ ಸ್ಟ್ರೀಟ್‌ನ ಬೇಲಿಯಲ್ ಕಾಲೇಜಿನ ಮುಂದೆ. ಗೈಡ್ ಹೆಂಗಸು ಕಥೆ ಚೆನ್ನಾಗಿ ಹೇಳುತ್ತಾರೆ. ಮ್ಯೂನಿಕ್ ಒಪ್ಪಂದವಾಗಿ ಇನ್ನೂ ತಿಂಗಳಾಗಿರಲಿಲ್ಲ, ಅಕ್ಟೋಬರ್ 27ಕ್ಕೆ ಮತದಾನ. ಜೆಕೊಸ್ಲೊವಾಕಿಯಾದ ಒಂದು ಭಾಗವನ್ನು ಬಿಟ್ಟುಕೊಟ್ಟು ಬ್ರಿಟನ್ ಪ್ರಧಾನಿ ಚೇಂಬರ್ಲಿನ್ ಹಿಟ್ಲರ್ ಜೊತೆ ಮಾಡಿಕೊಂಡ ಈ ರಾಜಿ ಸರಿಯೋ ತಪ್ಪೋ, ಊರಲ್ಲೆಲ್ಲ ಅದೇ ಜಗಳ. ಸರಿ ಅಂದವರು ಕನ್ಸರ್ವೇಟಿವ್ ಪಕ್ಷದ ಕ್ವಿಂಟಿನ್ ಹಾಗ್, ಆಗಷ್ಟೇ 31 ತುಂಬಿತ್ತು. ತಪ್ಪು ಅಂದವರು ಬೇಲಿಯಲ್‌ನ ಮುಖ್ಯಸ್ಥ ಎ. ಡಿ. ಲಿಂಡ್ಸೆ. ಅವರಿಗೋಸ್ಕರ ಲೇಬರ್, ಲಿಬರಲ್ ಅಭ್ಯರ್ಥಿಗಳಿಬ್ಬರೂ ಕಣದಿಂದ ಸರಿದರು. ಲೇಬರ್‌ನ ಗಾರ್ಡನ್ ವಾಕರ್‌ಗಂತೂ ಮನಸ್ಸೇ ಇರಲಿಲ್ಲ.

"ನಮ್ಮಲ್ಲಾಗಿದ್ರೆ ಇಬ್ರೂ ಬಂಡಾಯ ನಿಲ್ತಿದ್ರು" ಅಂದರು ಅಪ್ಪ.

1931ರಲ್ಲಿ ಗಾಂಧೀಜಿ ಆಕ್ಸ್‌ಫರ್ಡ್‌ಗೆ ಬಂದಾಗ ಉಳಿದಿದ್ದು ಇದೇ ಲಿಂಡ್ಸೆ ಮನೆಯಲ್ಲಿ. ಅದನ್ನು ಕೇಳಿ ಅಪ್ಪ ಚಪ್ಪಲಿ ಬಿಡುವುದೊಂದು ಬಾಕಿ! ಅಷ್ಟರಲ್ಲಿ ಗುಂಪು ಮುಂದೆ ಹೋಗಿಬಿಟ್ಟಿತ್ತು. ಹಿಂದೆ ಉಳಿದವರಿಗೆ ಕಾಯುವ ಅಭ್ಯಾಸ ಇವರಿಗಿಲ್ಲ. ರ‍್ಯಾಡ್‌ಕ್ಲಿಫ್ ಚೌಕದ ಗುಂಡುಕಲ್ಲಿನ ನೆಲದ ಮೇಲೆ ಮಂಡಿ ನೋವಿರುವವರನ್ನು ಓಡಿಸುವುದು ಸರಿಯಲ್ಲ, ಅಲ್ವಾ? ಹಾಗ್ ಇದ್ದ ಆಲ್ ಸೋಲ್ಸ್ ಕಾಲೇಜಿನ ಮುಂದೆ ಏನು ಹೇಳಿದರೋ, ನಮಗೆ ಅರ್ಧ ಕೇಳಿಸಲಿಲ್ಲ.

ಎಡ್ವರ್ಡ್ ಹೀತ್ ಕಥೆ ಮಾತ್ರ ಪೂರ್ತಿ ಸಿಕ್ಕಿತು. ಬೇಲಿಯಲ್ ವಿದ್ಯಾರ್ಥಿ, ಕನ್ಸರ್ವೇಟಿವ್. ಆದರೂ ಸ್ವಂತ ಪಕ್ಷದ ವಿರುದ್ಧ ಲಿಂಡ್ಸೆ ಪರ ಪ್ರಚಾರ ಮಾಡಿದ. "ಹಾಗ್‌ಗೆ ಹಾಕಿದ ಓಟು ಹಿಟ್ಲರ್‌ಗೆ ಹಾಕಿದ ಓಟು" ಅನ್ನುವ ಘೋಷಣೆ ಓಡಾಡಿದ್ದು ಆಗಲೇ. 1970ರಲ್ಲಿ ಅದೇ ಹೀತ್ ಪ್ರಧಾನಿಯಾಗಿ ಹಾಗ್‌ರನ್ನು ಲಾರ್ಡ್ ಚಾನ್ಸಲರ್, ಅಂದರೆ ನ್ಯಾಯಾಂಗದ ಹೊಣೆ ಹೊತ್ತ ಹಿರಿಯ ಮಂತ್ರಿ, ಮಾಡಿದರು! ಅಪ್ಪ ನಕ್ಕಿದ್ದು ನೋಡಬೇಕಿತ್ತು.

ಫಲಿತಾಂಶವನ್ನು ಕೊನೆಯ ಎರಡು ನಿಮಿಷಕ್ಕೆ ತುರುಕಿದ್ದು ನನಗೆ ಹಿಡಿಸಲಿಲ್ಲ. ಹಾಗ್ 15,797, ಲಿಂಡ್ಸೆ 12,363. ಅಪ್ಪ ಚೀಟಿಯಲ್ಲಿ ಕಳೆದು ನೋಡಿ, ಅದರ ಹಿಂದಿನ, 1935ರ ಚುನಾವಣೆಯಲ್ಲಿ ಅಂತರ ಎಷ್ಟಿತ್ತು ಅಂತ ಕೇಳಿದರು. ಗೈಡ್ ಥಟ್ಟನೆ 6,645 ಅಂದರು. "ಹಾಗಾದ್ರೆ ಅರ್ಧಕ್ಕೆ ಇಳಿಸಿದಾರಲ್ಲ, ಗಟ್ಟಿಗರು." ಆಮೇಲೆ ಬೆರಳಿಗೆ ಶಾಯಿ ಹಾಕ್ತಿದ್ರಾ ಅನ್ನುವ ಪ್ರಶ್ನೆ. ಇಲ್ಲಿ ಆಗಲೂ ಇಲ್ಲ, ಈಗಲೂ ಇಲ್ಲ ಅಂತ ಗೊತ್ತಾದಾಗ ಮೈಸೂರಿನ ಶಾಯಿಯ ಬಗ್ಗೆ ಗೈಡ್‌ಗೇ ಒಂದು ಪಾಠವಾಯಿತು. ಪಾಪ, ನಿಂತು ಕೇಳಿಸಿಕೊಂಡರು.

ಐದಕ್ಕೆ ನಾಲ್ಕು. ದಾರಿಯಲ್ಲಿ ಎಲ್ಲೂ ಕೂರಿಸುವುದಿಲ್ಲ. ವಯಸ್ಸಾದವರಿದ್ದರೆ ಬುಕ್ ಮಾಡುವಾಗಲೇ ಹೇಳಿಬಿಡಿ, ಒಂದು ಮಡಚುವ ಸ್ಟೂಲು ಜೊತೆಗಿರಲಿ.