ಹಳೇ ಬೇಕಲೈಟ್ ರೇಜರ್ ಡಬ್ಬಿ: ಬಹುಕಾಲ ಬಳಸಿದ ಮೇಲೆ ಕೀಲಿನ ಬಗ್ಗೆ

ರೇಜರಿನ ಬಗ್ಗೆ ಹೇಳಲು ಹೊಸದೇನಿಲ್ಲ. ಮೂರು ಭಾಗದ ಹಳೇ ಜಿಲೆಟ್‌ಗೆ ಇವತ್ತಿನ ಎರಡಂಚಿನ ಬ್ಲೇಡು ಹಾಗೇ ಕೂರುತ್ತದೆ, ಗಡ್ಡ ನುಣ್ಣಗೆ ಬರುತ್ತದೆ. ನಾನು ಬರೆಯುತ್ತಿರುವುದು ಅದನ್ನು ಇಡುವ ಡಬ್ಬಿಯ ಬಗ್ಗೆ. ಅದರಲ್ಲೂ ಇಂಗ್ಲೆಂಡಿನಲ್ಲಿ 1930-40ರ ದಶಕಗಳಲ್ಲಿ ತಯಾರಾದ, ಅಂಗೈಯಷ್ಟೇ ಅಗಲದ ಕಪ್ಪು ಬೇಕಲೈಟ್ ಡಬ್ಬಿಗಳ ಬಗ್ಗೆ. ಸಂಗ್ರಹಕ್ಕೆಂದು ಕಪಾಟಿನಲ್ಲಿ ಇಡದೆ ದಿನವೂ ಬಳಸುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಸಂತೋಷದ ವಿಷಯ. ಲಿಯೋ ಬೇಕಲ್ಯಾಂಡ್ 1907ರಲ್ಲಿ ಫಿನಾಲ್, ಫಾರ್ಮಾಲ್ಡಿಹೈಡ್ ಸೇರಿಸಿ ರೂಪಿಸಿದ ಈ ವಸ್ತುವಿಗೆ ಮರದ ಹಿಟ್ಟು ಬೆರೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಡಬ್ಬಿ ಮಾಡುತ್ತಿದ್ದರು. ಹಾಗಾಗಿ ಅದಕ್ಕೆ ಪ್ಲಾಸ್ಟಿಕ್ಕಿನ ಹಗುರತನವಿಲ್ಲ, ಮುಚ್ಚಳ ಹಾಕಿದರೆ ‘ಟಕ್’ ಎಂದು ಗಟ್ಟಿಯಾದ ಸದ್ದು. ಬೆಳಗ್ಗೆ ಅದನ್ನು ತೆರೆದು ರೇಜರಿನ ಹಿಡಿಕೆ, ಕೆಳತಟ್ಟೆ, ತಲೆ ಒಂದೊಂದಾಗಿ ಎತ್ತಿಕೊಂಡು ಜೋಡಿಸುವುದೇ ಒಂದು ಖುಷಿ. ಶೇವಿಂಗ್ ಮುಗಿದ ಮೇಲೆ ಬಿಚ್ಚಿ, ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಹೊರಗೇ ಒಣಗಲು ಬಿಟ್ಟು ಆಮೇಲೆ ಒಳಗಿಡಬೇಕು. ಈ ಅರ್ಧ ಗಂಟೆಯಲ್ಲಿ ರಾಜಿ ಬೇಡ.

ಮಂಕಾದ ಮೇಲ್ಮೈಗೆ ಹೊಳಪು ತರುವುದು ಸುಲಭ. ಬಿಸಿಲು, ತೇವ ಸೇರಿ ಮೇಲಿನ ನುಣುಪಾದ ಪದರವನ್ನು ತಿಂದು ಒಳಗಿನ ಮರದ ಹಿಟ್ಟು ಹೊರಗೆ ಕಂಡಾಗ ಕಪ್ಪು ಕಂದಾಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯ ಸೋಪು ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ. ನೀರಲ್ಲಿ ಮುಳುಗಿಸಬೇಡಿ, ಸವೆದ ಜಾಗ ನೀರು ಹೀರುತ್ತದೆ. ಆಮೇಲೆ ಲೋಹದ ಪಾಲಿಷ್ ಕಡಲೆಕಾಳಿನಷ್ಟು ತೆಗೆದುಕೊಂಡು ಉಜ್ಜಿ. ಬಟ್ಟೆ ಹಳದಿಗೆ ತಿರುಗಿದರೆ ಅದು ಬೇಕಲೈಟ್ ಎನ್ನುವುದಕ್ಕೂ ಒಂದು ಗುರುತು ಸಿಕ್ಕಂತೆ. ಕೊನೆಗೆ ಮೈಕ್ರೋಕ್ರಿಸ್ಟಲೈನ್ ಮೇಣ (ಪೆಟ್ರೋಲಿಯಂನಿಂದ ತೆಗೆದ ನುಣ್ಣನೆಯ ಮೇಣ), ತೀರಾ ತೆಳ್ಳಗೆ. ದಪ್ಪ ಹಚ್ಚಿದರೆ ಅಚ್ಚಿನ ಗೆರೆಗಳಲ್ಲಿ ಬಿಳಿಯಾಗಿ ಕೂರುತ್ತದೆ.

ಇಷ್ಟೆಲ್ಲ ಚೆನ್ನಾಗಿ ಮಾಡಿದವರು ಮುಚ್ಚಳ ತಿರುಗುವ ಕೀಲಿಗೆ (ಹಿಂಜ್) ಉಕ್ಕಿನ ಕಡ್ಡಿ ಹಾಕಿದ್ದೇಕೆ ಎಂದು ನನಗೆ ಇಂದಿಗೂ ಬೇಸರ. ಬಚ್ಚಲುಮನೆಯಲ್ಲಿ ಇಡುವ ವಸ್ತು ಇದು. ಕಡ್ಡಿ ತುಕ್ಕು ಹಿಡಿಯುತ್ತದೆ, ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಬೇಕಲೈಟ್ ಬಾಗುವುದಿಲ್ಲ, ಸೀಳುತ್ತದೆ. ಕೀಲಿನ ಮೂಲೆಯಿಂದ ಮುಚ್ಚಳದತ್ತ ಕೂದಲೆಳೆಯ ಬಿರುಕು ಕಾಣುವ ಹಳೇ ಡಬ್ಬಿಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಈ ಕಡ್ಡಿಯನ್ನೇ. ಬೇಕಲೈಟ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು, ಆದ್ದರಿಂದ ಪ್ಲಾಸ್ಟಿಕ್ಕಿನಂತೆ ಬಿಸಿ ಮಾಡಿ ಬೆಸೆಯಲೂ ಆಗದು.

ಮುಚ್ಚಳ ಬಿಗಿಯಾಗಿ ತಿರುಗುತ್ತಿದೆ, ಕೀಲಿನ ಬಳಿ ಕಂದು ಪುಡಿ ಬೀಳುತ್ತಿದೆ ಎಂದರೆ ಒತ್ತಾಯದಿಂದ ತೆರೆಯುವುದನ್ನು ನಿಲ್ಲಿಸಿ. ತುಕ್ಕು ಬಿಡಿಸುವ ಎಣ್ಣೆಯನ್ನು ಸೂಜಿಯ ತುದಿಯಿಂದ ಎರಡೂ ಕಡೆ ಒಂದೊಂದು ಹನಿ ಬಿಟ್ಟು ರಾತ್ರಿಯಿಡೀ ಬಿಡಿ, ಬೇಕಿದ್ದರೆ ಮೂರ್ನಾಲ್ಕು ರಾತ್ರಿ. ಭೂತಗನ್ನಡಿಯಲ್ಲಿ ಕಡ್ಡಿಯ ಎರಡು ತುದಿಗಳನ್ನೂ ನೋಡಿ. ಒಂದು ತುದಿಯಲ್ಲಿ ಗೀರುಗಳಿದ್ದರೆ ಕಡ್ಡಿ ಆ ಕಡೆಯಿಂದಲೇ ಹೊರಬರಬೇಕು, ನುಣುಪಾದ ತುದಿಯಿಂದ ತಳ್ಳಿ. ಕೀಲಿನ ಕೆಳಗೆ ಮೆತ್ತನೆಯ ಮರದ ತುಂಡಿಟ್ಟು, ರಂಧ್ರಕ್ಕಿಂತ ಸಣ್ಣ ಡ್ರಿಲ್ ಕಡ್ಡಿಯ ಹಿಂಬದಿಯನ್ನು ಇಟ್ಟು ಒತ್ತಿ, ಸುತ್ತಿಗೆ ಬೇಡ. ಬೆಸುಗೆ ಹಾಕುವ ಸಾಧನದಿಂದ ಕಡ್ಡಿಯನ್ನು ಬಿಸಿ ಮಾಡುವವರಿದ್ದಾರೆ. ಅದರಿಂದ ಸುತ್ತಲಿನ ಬೇಕಲೈಟ್ ಸುಟ್ಟು ಗುಳ್ಳೆ ಏಳಬಹುದು.

ಕಡ್ಡಿ ಬಂದ ಮೇಲೆ ರಂಧ್ರವನ್ನು ಅಳೆದು, ಅದಕ್ಕಿಂತ 0.1 ಮಿ.ಮೀ. ತೆಳುವಾದ ಹಿತ್ತಾಳೆ ತಂತಿ ತನ್ನಿ. ಎರಡು ಸಪಾಟು ಹಲಗೆಗಳ ನಡುವೆ ಉರುಳಿಸಿದರೆ ನೆಟ್ಟಗಾಗುತ್ತದೆ. ಪ್ರತಿ ತುದಿ ಅರ್ಧ ಮಿ.ಮೀ. ಒಳಗಿರುವಂತೆ ಕತ್ತರಿಸಿ. ಒಂದು ತುದಿಗೆ ಮಾತ್ರ ಒಂದು ಚುಕ್ಕೆ ಅರಗು ಹಚ್ಚಿದರೆ ಸಾಕು, ಮುಂದೆ ಯಾರಿಗಾದರೂ ಬಿಚ್ಚಬೇಕಾದರೆ ಬಿಚ್ಚಬಹುದು.

ಬಿರುಕು ಬಿಟ್ಟಿದ್ದರೆ ಕೂಡಲೇ ಅಂಟು ಹಾಕಬೇಡಿ. ಎಣ್ಣೆ ಒಳಗಿಳಿದಿರುತ್ತದೆ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಬೇಗ ಒರೆಸಿ ಒಣಗಿಸಿ. ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ ಅಂಟಿಗೆ ಚಿಟಿಕೆ ದೀಪದ ಮಸಿ ಬೆರೆಸಿ, ಬಿರುಕಿಗೆ ತುಂಬಿ, ರಬ್ಬರ್ ಬ್ಯಾಂಡಿನಿಂದ ಬಿಗಿದು 24 ಗಂಟೆ ಬಿಡಿ. ಕ್ಷಣದಲ್ಲಿ ಅಂಟುವ ಗೋಂದು ಸುತ್ತಲೂ ಬಿಳಿ ಮಂಜು ಬಿಡುತ್ತದೆ, ಕೀಲಿನ ಎಳೆತಕ್ಕೆ ತಡೆಯುವುದೂ ಇಲ್ಲ.

ಒಳಗಡೆ ಮಖಮಲ್ಲು ಇದ್ದರೆ ಇನ್ನೊಂದು ಕಾಟ. ಅದು ತೇವ ಹಿಡಿದಿಡುತ್ತದೆ, ನಿಕ್ಕಲ್ ಲೇಪ ಸವೆದ ಕಡೆ ಹಿತ್ತಾಳೆ ಕಿಲುಬು ಕಟ್ಟುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮಖಮಲ್ಲಿನ ಡಬ್ಬಿಯನ್ನು ದಿನಬಳಕೆಗೆ ನಾನು ಶಿಫಾರಸು ಮಾಡುವುದಿಲ್ಲ. ಅದನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಒಳಗಿಡಿ. 1947ರಲ್ಲಿ ಬಂದ ಜಿಲೆಟ್ ಸೂಪರ್ ಸ್ಪೀಡ್ ರೇಜರಿನ ಪಾರದರ್ಶಕ ಸ್ಟೈರೀನ್ ಪ್ಲಾಸ್ಟಿಕ್ ಡಬ್ಬಿಗೆ ಈ ಪಾಲಿಷ್, ಎಣ್ಣೆ ಯಾವುದೂ ಸಲ್ಲ. ಅಸಿಟೋನ್ ಅಥವಾ ಕಿತ್ತಳೆ ಎಣ್ಣೆಯ ಕ್ಲೀನರ್ ತಾಗಿದರೆ ಅದು ಕರಗಿಯೇ ಹೋಗುತ್ತದೆ.

ಇಷ್ಟು ದೂರಿದರೂ ಡಬ್ಬಿಯನ್ನು ಬಿಡಲು ನನಗೆ ಮನಸ್ಸಿಲ್ಲ. ಹಿತ್ತಾಳೆ ಕಡ್ಡಿ ಹಾಕಿದ ಮೇಲೆ ಮುಚ್ಚಳ ಬೆರಳೊಂದರಲ್ಲೇ ಏಳುತ್ತದೆ, ತುಕ್ಕಿನ ಭಯವೂ ಇಲ್ಲ. ಕೊಳ್ಳುವಾಗ ಮಂಕು ನೋಡಿ ಹಿಂಜರಿಯಬೇಡಿ, ಅದು ಒಂದು ಸಂಜೆಯ ಕೆಲಸ. ಕೀಲಿನ ಎರಡೂ ಮೂಲೆಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಬಿರುಕು ಕಂಡರೆ ರೇಜರಿನ ಬೆಲೆಯಷ್ಟೇ ಕೊಡಿ, ಡಬ್ಬಿಗೆಂದು ಒಂದು ರೂಪಾಯಿಯೂ ಸೇರಿಸಬೇಡಿ.