ದೆಬೆರಿಯಾಸ್ ಅನ್ನಲೋ, ಪೊದ್ರಿಯಾಸ್ ಅನ್ನಲೋ?

ಪಣಂಬೂರಿನ ಬಂದರಿಗೆ ಕ್ರೂಸ್ ಹಡಗು ಬಂದಾಗ ಸ್ಪೇನಿನವರು ಸಿಕ್ಕರೆ ಅವರ ಸ್ಪ್ಯಾನಿಷ್ ಭಾಷೆಯಲ್ಲಿ ಸಲಹೆ ಹೇಗೆ ಕೊಡುವುದು? 'ದೆಬೆಸ್' ಅಂದರೆ 'ಮಾಡಬೇಕು'. ಸ್ವಲ್ಪ ಗದರಿದ ಹಾಗೆ ಕೇಳುತ್ತದೆ. 'ದೆಬೆರಿಯಾಸ್' ಅಂದರೆ 'ಮಾಡಿದರೆ ಒಳ್ಳೆಯದು'. ಮಾತು ಮೆದು, ಅಭಿಪ್ರಾಯ ಗಟ್ಟಿ. ಬಿಸಿಲಿಗೆ ಟೊಪ್ಪಿ ಹಾಕಿ ಅನ್ನಲು ಇದೇ ಸರಿ. 'ಪೊದ್ರಿಯಾಸ್' ಇನ್ನೂ ಹಗುರ, 'ಮಾಡಬಹುದಲ್ವಾ' ಅಂದ ಹಾಗೆ. ಕೋರಿ ರೊಟ್ಟಿ ತಿನ್ನಿ ಅನ್ನಲು ಇಷ್ಟು ಸಾಕು.

ನನಗೆ ಜಾಸ್ತಿ ಇಷ್ಟ 'ಯೊ ಕೆ ತು, ಇರಿಯಾ ಅ ಉಡುಪಿ'. 'ನಿನ್ನ ಜಾಗದಲ್ಲಿ ನಾನಿದ್ದರೆ ಉಡುಪಿಗೆ ಹೋಗುತ್ತಿದ್ದೆ' ಅಂತ. ನಮ್ಮ ಮಾತಿನ ಜಾಡೇ ಅಲ್ವಾ ಮಾರಾಯ್ರೆ! ಹೋಗುವವನು ನಾನು, ನೀನಲ್ಲ. ಹಾಗಾಗಿ ಯಾರಿಗೂ ಚುಚ್ಚುವುದಿಲ್ಲ. ಹಿರಿಯರಿಗೆ ಮಾತ್ರ 'ತು' (ನೀನು) ಬೇಡ, 'ಉಸ್ತೆದ್' (ನೀವು) ಹಾಕಿ 'ಯೊ ಕೆ ಉಸ್ತೆದ್' ಅನ್ನಿ. ಉಳಿದವುಗಳಲ್ಲಿ ಕೊನೆಯ 'ಸ್' ಬಿಟ್ಟರಾಯಿತು: ದೆಬೆರಿಯಾ, ಪೊದ್ರಿಯಾ.